ಕುದುರೆಯ ಹಿಂಗಾಲಿನ ಮಂಡಿ ಹಿಂದಕ್ಕೆ ಯಾಕೆ ಬಾಗುತ್ತದೆ? ಫೆಟ್‌ಲಾಕ್, ಪಾಸ್ಟರ್ನ್ ಅಂದರೆ ಯಾವುದು?

ನಿಮ್ಮ ಕುದುರೆಯ ಕಾಲಿನ ಊತ ಫೆಟ್‌ಲಾಕ್‌ನಲ್ಲೋ ಪಾಸ್ಟರ್ನ್‌ನಲ್ಲೋ ಅಂತ ವೆಟ್ (ಪಶುವೈದ್ಯರು) ಫೋನಲ್ಲಿ ಕೇಳಿದಾಗ ಹೇಳೋಕೆ ಆಗಲಿಲ್ಲ ಅಂದಿದ್ದೀರಿ. ನಾನೂ ಮಡಿಕೇರಿ ಕಡೆಯವನೇ, ತೋಟದಲ್ಲಿ ಕುದುರೆ ಸಾಕಿದ್ದೇನೆ. ನಮ್ಮಲ್ಲಿ ಕುದುರೆ ಬಲ್ಲ ವೆಟ್ ಬರೋದು ತಡ ಆಗುತ್ತದೆ, ಅಲ್ವಾ? ಹಾಗಾಗಿ ಈ ಹೆಸರುಗಳು ಗೊತ್ತಿರಲೇಬೇಕು.

ಮೊದಲು ಮಂಡಿ ವಿಷಯ. ಹಿಂಗಾಲಲ್ಲಿ ಹಿಂದಕ್ಕೆ ಚಾಚಿಕೊಂಡ ಕೀಲಿಗೆ ಹಾಕ್ ಅನ್ನುತ್ತಾರೆ. ನಮ್ಮ ದೇಹದಲ್ಲಿ ಅದು ಪಾದದ ಕೀಲು, ಅದರ ಚೂಪು ತುದಿ ಹಿಮ್ಮಡಿ. ಕುದುರೆಯ ನಿಜವಾದ ಮಂಡಿ ಸ್ಟೈಫಲ್. ಅದು ಇನ್ನೂ ಮೇಲೆ, ಹೊಟ್ಟೆಯ ಪಕ್ಕದಲ್ಲಿದೆ, ಚಿಪ್ಪೂ ಇದೆ. ಮುಂಗಾಲಲ್ಲಿ ಎಲ್ಲರೂ ಮಂಡಿ ಅನ್ನುವುದು ನಮ್ಮ ಮಣಿಕಟ್ಟು. ಅಂದರೆ ಅಲ್ಲಿಂದ ಕೆಳಗೆ ಇರುವುದೆಲ್ಲ ಅಂಗೈ ಮತ್ತು ನಡುಬೆರಳು ಮಾತ್ರ.

ಈಗ ಲಾಯಕ್ಕೆ ಹೋಗಿ ಮುಂಗಾಲಿನ ಮೇಲೆ ಕೈಯಾಡಿಸಿ. ಮಣಿಕಟ್ಟಿನಿಂದ ನೇರ ಇಳಿಯುವ ಮೂಳೆ ಕ್ಯಾನನ್. ಅದರ ಹಿಂದೆ ಬೆರಳಿಗೆ ಹಗ್ಗದಂತೆ ಸಿಗುವುದು ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು. ಕ್ಯಾನನ್ ಮುಗಿಯುವ ಕಡೆ ಇರುವ ದುಂಡನೆ ಗಂಟೇ ಫೆಟ್‌ಲಾಕ್. ಅಲ್ಲಿಂದ ಗೊರಸಿನ ತನಕ ಓರೆಯಾಗಿ ಇಳಿಯುವ ಭಾಗ ಪಾಸ್ಟರ್ನ್. ಬೆರಳಿನ ಕೊನೆಯ ಮೂಳೆ, ಕಾಫಿನ್ ಬೋನ್, ಗೊರಸಿನ ಒಳಗೇ ಇದೆ. ದಿನಾ ಎರಡೂ ಕಾಲು ಮುಟ್ಟಿ ನೋಡಿ. ಒಂದರ ಟೆಂಡನ್ ಇನ್ನೊಂದಕ್ಕಿಂತ ಬಿಸಿ ಅಥವಾ ದಪ್ಪ ಅನಿಸಿದರೆ ಆ ದಿನ ಸವಾರಿ ಬೇಡ, ವೆಟ್‌ಗೆ ಹೇಳಿ.

ಗೊರಸಿನ ಹೊರಗಿನ ಗೋಡೆ ನಮ್ಮ ಉಗುರಿನ ಹಾಗೆ ಕೆರಾಟಿನ್‌ನಿಂದ ಆದದ್ದು. ಕೂದಲು ಮುಗಿಯುವ ಅಂಚು, ಕೊರೊನೆಟ್, ಅಲ್ಲಿಂದ ಅದು ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಕೆಳಗೆ ಬೆಳೆಯುತ್ತದೆ. ಕಾಲು ಎತ್ತಿ ನೋಡಿದರೆ ಗೋಡೆಗೂ ಅಡಿಗೂ ನಡುವೆ ವೈಟ್ ಲೈನ್ ಕಾಣುತ್ತದೆ. ಲಾಳದ ಮೊಳೆ ಅದರ ಹೊರಗೇ ಇರಬೇಕು. ಒಳಗೆ ಹೋದರೆ ಜೀವ ಇರುವ ಭಾಗಕ್ಕೆ ಚುಚ್ಚುತ್ತದೆ.

ನಡುವಿನ ತ್ರಿಕೋನ, ಮೆತ್ತನೆಯದು, ಫ್ರಾಗ್. ನಮ್ಮ ಕೊಡಗಿನಲ್ಲಿ ಜಾಸ್ತಿ ಗಮನ ಕೊಡಬೇಕಾದ್ದು ಇದಕ್ಕೇ. ಕಕ್ಕಡ ತಿಂಗಳ ಮಳೆಯಲ್ಲಿ ಅದರ ಎರಡು ಪಕ್ಕದ ಸಂದಿಗೆ ಕೆಸರು, ಲದ್ದಿ ಸೇರಿ ಗಾಳಿಯೇ ಆಡುವುದಿಲ್ಲ. ಆಮೇಲೆ ಕಪ್ಪಗೆ ಒಸರಿ ಕೊಳೆತ ವಾಸನೆ ಬರುತ್ತದೆ. ಅದು ಥ್ರಷ್. ದಿನಾ ಹೂಫ್ ಪಿಕ್‌ನಿಂದ (ಗೊರಸು ಕೆದಕುವ ಕೊಕ್ಕೆ) ಹಿಂದಿನಿಂದ ಮುಂದಕ್ಕೆ ಕೆದಕಿ ತೆಗೆಯಿರಿ. ಲಾಯದ ನೆಲ ಒಣಗಿರಲಿ. ಸಂದಿ ಮುಟ್ಟಿದಾಗ ಕುದುರೆ ಕಾಲು ಎಳೆದುಕೊಂಡರೆ ಮನೆ ಮದ್ದು ಮಾಡುತ್ತಾ ಕೂರಬೇಡಿ.

ನಿಮ್ಮ ಕುದುರೆಯ ಊತ ದುಂಡನೆ ಗಂಟಿನ ಸುತ್ತ ಇದ್ದರೆ ಫೆಟ್‌ಲಾಕ್ ಅನ್ನಿ. ಕೆಳಗೆ ಓರೆ ಭಾಗದಲ್ಲಿದ್ದು, ಹಿಂದೆ ಕೂದಲ ಅಡಿ ಹಕ್ಕಳೆ ಕಟ್ಟಿದ್ದರೆ ಪಾಸ್ಟರ್ನ್ ಅನ್ನಿ, ಹಕ್ಕಳೆ ವಿಷಯ ಮರೆಯದೆ ಹೇಳಿ. ಸುಮ್ನೆ ಕಿತ್ತು ನೋಡಬೇಡಿ. ಒದ್ದೆ ಕೆಸರಲ್ಲಿ ನಿಂತ ಕುದುರೆಗೆ ಅಲ್ಲಿ ಚರ್ಮದ ಸೋಂಕು ಆಗುವುದುಂಟು.