ಬೀಜ ಹಾಕಿದ ಬ್ರೆಡ್ ಒಣಗುವುದೇಕೆ?

ಪ್ರಶ್ನೆ: ಎಳ್ಳು, ಅಗಸೆ ಹಾಕಿ ಮಾಡಿದ ಮೈದಾ ಬ್ರೆಡ್ ಮಾರನೇ ದಿನಕ್ಕೇ ಒಣಗಿ ಪುಡಿಯಾಗುತ್ತದೆ. ಏನು ಮಾಡಲಿ?

ಉತ್ತರ: ಬೀಜಗಳನ್ನು ನೆನೆಸದೇ ಹಾಕಿರಬೇಕು. ಅಗಸೆಯಂತೂ ಹಿಟ್ಟಿನ ನೀರನ್ನೆಲ್ಲ ಕುಡಿದುಬಿಡುತ್ತದೆ. 400 ಗ್ರಾಂ ಮೈದಾಕ್ಕೆ 50 ಗ್ರಾಂ ಬೀಜ ಸಾಕು. ಅಷ್ಟೇ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಲೋಳೆ ಚೆಲ್ಲಬೇಡಿ. ಉಗುರುಬೆಚ್ಚಗಿನ ಹಾಲು 250 ಮಿ.ಲೀ., ಇನ್‌ಸ್ಟಂಟ್ ಈಸ್ಟ್ 5 ಗ್ರಾಂ, ಸಕ್ಕರೆ 20, ಉಪ್ಪು 7, ಬೆಣ್ಣೆ 30 ಗ್ರಾಂ. ಕೈಗೆ ಅಂಟುತ್ತದೆಂದು ಮೈದಾ ಉದುರಿಸುತ್ತ ಹೋಗಬೇಡಿ, ಬ್ರೆಡ್ ಗಟ್ಟಿಯಾಗುವುದು ಅಲ್ಲೇ! ಚೂರು ಹಿಟ್ಟು ಎಳೆದರೆ ಹರಿಯದೆ ತೆಳು ಪರದೆಯಾಗುವವರೆಗೆ ನಾದಿ, ಆಮೇಲೆ ಬೀಜ ಸೇರಿಸಿ. ಮೊದಲೇ ಹಾಕಿದರೆ ಅವು ಆ ಪರದೆಯನ್ನು ಹರಿಯುತ್ತವೆ. ಎರಡರಷ್ಟು ಉಬ್ಬಿದ ಮೇಲೆ ಸುತ್ತಿ ಟಿನ್ನಿಗಿಟ್ಟು, ಮತ್ತೆ ಉಬ್ಬಿಸಿ, 190 ಡಿಗ್ರಿ ಸೆಲ್ಸಿಯಸ್‌ನಲ್ಲಿ 30–35 ನಿಮಿಷ ಬೇಯಿಸಿ. ಪೂರ್ತಿ ಆರುವ ಮುಂಚೆ ಚಾಕು ಮುಟ್ಟಬೇಡಿ.