ಅಪ್ಪನ ಹಳಿಯ ಅಗಲ ಒಂದು ಮೀಟರ್

ಹುಬ್ಬಳ್ಳಿ ಕೇಶ್ವಾಪುರದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅವರ ತಂದೆ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟರ್ ಆಗಿದ್ದರು. ಹೈಸ್ಕೂಲಿನಲ್ಲಿದ್ದಾಗ ಇವರು ರಟ್ಟು, ಬೆಂಕಿಪೊಟ್ಟಣ ಕೂಡಿಸಿ ಪುಟ್ಟ ರೈಲು ಮಾಡುತ್ತಿದ್ದರಂತೆ. ಆಮೇಲೆ ನೌಕರಿ, ಸಂಸಾರ, ನಲವತ್ತು ವರ್ಷ. ನಿವೃತ್ತಿಯಾದ ಮೇಲೆ ಮೊನ್ನೆ ತಂದೆಯ ಟ್ರಂಕು ತೆರೆದರೆ ಪಂಚೆಯಲ್ಲಿ ಸುತ್ತಿಟ್ಟ ರಟ್ಟಿನ ಬೋಗಿಯೊಂದು ಸಿಕ್ಕಿದೆ. ಹಳೆಯ ಹುಚ್ಚು ಮತ್ತೆ ಹತ್ತಿದೆ. ಮಗ ಮಾತ್ರ, "ಜರ್ಮನಿಯ ರೆಡಿ ಸೆಟ್ ತರಿಸಿಕೊಡ್ತೀನಿ, ಯಾಕೆ ಕಷ್ಟ?" ಅನ್ನುತ್ತಿದ್ದಾನೆ. ಯಾವುದು ಸರಿ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂಬುದು ಅವರ ಪ್ರಶ್ನೆ.

ಸರ್, ಎರಡನೇ ಪ್ರಶ್ನೆ ನೀವು ಕೇಳಲೇಬಾರದಿತ್ತು. ದಿನವಿಡೀ ಕಬ್ಬಿಣದ ಜೊತೆ ಬಡಿದಾಡಿ ಮನೆಗೆ ಬರುತ್ತಿದ್ದ ಫಿಟರ್ ಒಬ್ಬರು ಮಗನ ರಟ್ಟಿನ ಬೋಗಿಯನ್ನು ಪಂಚೆಯಲ್ಲಿ ಸುತ್ತಿಟ್ಟಿದ್ದಾರೆ. ನಿಮಗೆ ಇನ್ಯಾರ ಅಪ್ಪಣೆ ಬೇಕು?

ನಿಮ್ಮ ಮಗನ ಮಾತಿನಲ್ಲೂ ಪ್ರೀತಿ ಇದೆ, ಒಪ್ಪುತ್ತೇನೆ. ರೆಡಿ ಸೆಟ್ಟಿನ ಎಂಜಿನ್ ಸದ್ದಿಲ್ಲದೆ ಓಡುತ್ತದೆ, ಪೆಟ್ಟಿಗೆ ಬಿಚ್ಚಿದ ಅರ್ಧ ತಾಸಿಗೆ ಆಟ ಶುರು. ಆದರೆ ಒಂದು ಲೆಕ್ಕ ನೋಡಿ. ಜಗತ್ತಿನಲ್ಲಿ ಹೆಚ್ಚು ಮಾರಾಟವಾಗುವುದು ಎಚ್‌ಓ ಎಂಬ ಅಳತೆಯ ಮಾದರಿ ರೈಲು, ಅಸಲಿನ 87ರಲ್ಲಿ ಒಂದು ಭಾಗ. ಅದರ ಹಳಿಯ ಅಗಲ 16.5 ಮಿಲಿಮೀಟರ್. ಅಂದರೆ ಅದು ಯುರೋಪಿನ 1435 ಮಿಲಿಮೀಟರ್ ಹಳಿ. ನಮ್ಮ ಬ್ರಾಡ್ ಗೇಜ್ 1676, ನಿಮ್ಮ ತಂದೆಯ ಕಾಲದ ಮೀಟರ್ ಗೇಜ್ 1000. ಹುಬ್ಬಳ್ಳಿಯಿಂದ ಗದಗಕ್ಕೆ ಯಾವ ಕಾಲದಲ್ಲೂ ಹೋಗದ ಹಳಿಯ ಮೇಲೆ ನಿಮ್ಮ ತಂದೆಯ ನೆನಪನ್ನು ಓಡಿಸುತ್ತೀರಾ?

ಮೀಟರ್ ಗೇಜನ್ನು 87ರಿಂದ ಭಾಗಿಸಿದರೆ ಸುಮಾರು ಹನ್ನೊಂದೂವರೆ ಮಿಲಿಮೀಟರ್. ಎಚ್‌ಓಗಿಂತ ಚಿಕ್ಕದಾದ ಟಿಟಿ ಎಂಬ ಇನ್ನೊಂದು ಮಾದರಿಯ ಹಳಿ 12 ಮಿಲಿಮೀಟರ್, ಹತ್ತಿರ ಹತ್ತಿರ ಸರಿಹೋಗುತ್ತದೆ. ಹಳಿ, ಮೋಟಾರು, ಚಕ್ರ ಇಷ್ಟನ್ನು ಮಗನಿಂದ ತರಿಸಿಕೊಳ್ಳಿ, ಅವನಿಗೂ ಸಮಾಧಾನ. ಮೇಲಿನ ಮೈ ಮಾತ್ರ ನಿಮ್ಮ ಕೈಯಿಂದಲೇ ಆಗಲಿ. ಒಂದು ಬೋಗಿಗೆ 22 ಸೆಂಟಿಮೀಟರ್ ರಟ್ಟು ಸಾಕು.

ಈಗಿನ ಹುಬ್ಬಳ್ಳಿ ಸ್ಟೇಷನ್ನನ್ನೇ ಮಾಡುವ ಆಸೆ ಇದೆ ಅಂದಿದ್ದೀರಿ. ಬೇಡ. 2023ರಲ್ಲಿ ಉದ್ಘಾಟನೆಯಾದ ನಮ್ಮ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು. 87ರಿಂದ ಭಾಗಿಸಿದರೂ 57 ಅಡಿ! ಯಾವ ಪಡಸಾಲೆ ಸಾಲುತ್ತದೆ? ಅಣ್ಣಿಗೇರಿಯನ್ನೋ ಹುಲಕೋಟಿಯನ್ನೋ ಮಾಡಿ. ಗಾಡಿ ಪಕ್ಕಕ್ಕೆ ನಿಲ್ಲಲು ಒಂದು ಲೂಪ್ ಲೈನು, ಒಂದು ಸಿಗ್ನಲ್ ಕೈಕಂಬ, ಹಳದಿ ಬೋರ್ಡು, ಬೇವಿನ ಮರದ ಕೆಳಗೆ ನಾಲ್ಕು ಹತ್ತಿ ಅಂಡಿಗೆ. ಹತ್ತಿ ಇಲ್ಲದೆ ಈ ಲೈನಿನ ಕಥೆಯೇ ಇಲ್ಲ. 1876-78ರ ಭೀಕರ ಬರದ ಮೇಲೆ ಈ ಭಾಗಕ್ಕೆ ರೈಲು ಬೇಕೇ ಬೇಕು ಅನ್ನಿಸಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1885ರಲ್ಲಿ ನಿಮ್ಮ ತಂದೆ ಮುಂದೆ ದುಡಿದ ವರ್ಕ್‌ಶಾಪು ಶುರುವಾಯಿತು. ಬರಕ್ಕೆ ಕಾಳು ಬರಬೇಕಿತ್ತು, ಸುಗ್ಗಿಗೆ ಹತ್ತಿ ಹೋಗಬೇಕಿತ್ತು.

ನೆಲಕ್ಕೆ ಹಸಿರು ಕಾಗದ ಅಂಟಿಸಬೇಡಿ. ಗದಗ ಕಡೆಯ ಒಂದು ಹಿಡಿ ಎರೆಮಣ್ಣು ತನ್ನಿ, ಚಹಾ ಸೋಸುವ ಜರಡಿಯಲ್ಲಿ ಗಾಳಿಸಿ, ನೀರು ಬೆರೆಸಿದ ಫೆವಿಕಾಲ್ ಹಚ್ಚಿ ಅದರ ಮೇಲೆ ಉದುರಿಸಿ. ಒಣಗುವಾಗ ಸಣ್ಣಗೆ ಬಿರುಕು ಬಿಡುತ್ತದೆ. ಬಿಡಲಿ, ಬೇಸಿಗೆಯಲ್ಲಿ ಆ ಹೊಲಗಳು ಹಾಗೇ ಇರುತ್ತವೆ.

ನನ್ನ ಸೋದರಮಾವ ಗದಗ-ಹೋಟಗಿ ಲೈನಿನ ಸಣ್ಣ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್, ಅಂದರೆ ಗಾಡಿಗೆ ಹಳಿ ತಿರುಗಿಸಿ ಕೊಡುವ ನೌಕರ, ಆಗಿದ್ದರು. ರಜೆಗೆ ಹೋದಾಗ ಅವರ ಪಕ್ಕ ನಿಂತು ನೋಡಿದ್ದೇನೆ. ದೊಡ್ಡ ಬೆತ್ತದ ಬಳೆ, ಅದರ ಬುಡಕ್ಕೆ ಚರ್ಮದ ಚೀಲ, ಚೀಲದೊಳಗೆ ಟೋಕನ್ ಗುಂಡು. ಅದು ಕೈಗೆ ಬಾರದೆ ಡ್ರೈವರ್ ಮುಂದಿನ ಸ್ಟೇಷನ್ನಿಗೆ ಹೋಗುವ ಹಾಗಿಲ್ಲ. ಗಾಡಿ ನಿಲ್ಲದೆ ಹೋಗುವುದಾದರೆ ಮಾವ ಬಳೆಯನ್ನು ಎತ್ತಿ ಹಿಡಿಯುತ್ತಿದ್ದರು. ಎಂಜಿನ್ನಿನಿಂದ ಒಂದು ತೋಳು ಹೊರಗೆ ಬಂದು ಬಳೆಯೊಳಗೆ ಸೇರಿ ಅದನ್ನು ಒಯ್ದುಬಿಡುತ್ತಿತ್ತು. ಹಿಂದಿನ ಸ್ಟೇಷನ್ನಿನ ಬಳೆ ಧಪ್ಪನೆ ಬಂದು ಮುರುಮ್ ಮೇಲೆ ಉರುಳುತ್ತಿತ್ತು. "ಕೈ ಬಿಗಿ ಹಿಡೀಬಾರದು ತಮ್ಮಾ, ಬಂದವನು ಒಯ್ಯುವಂಗ ಹಿಡೀಬೇಕು" ಅನ್ನುತ್ತಿದ್ದರು. ಯಾವ ರೆಡಿ ಸೆಟ್ಟಿನಲ್ಲಿ ಈ ಬಳೆ ಬರುತ್ತದೆ? ತೆಳು ತಾಮ್ರದ ತಂತಿಯನ್ನು ಪೆನ್ಸಿಲಿಗೆ ಸುತ್ತಿ ಕತ್ತರಿಸಿದರೆ ನಿಮ್ಮ ಪಾಯಿಂಟ್ಸ್‌ಮನ್ ಕೈಗೆ ಅದು ಬಂತು.

ಮಾವ ತೀರಿಕೊಂಡ ಮೇಲೆ ಅವರ ಡ್ಯೂಟಿ ಪುಸ್ತಕಗಳು ರದ್ದಿಗೆ ಹೋದವು. ನಾನು ಊರಿಗೆ ಮುಟ್ಟುವಷ್ಟರಲ್ಲಿ ತೂಕ ಆಗಿಹೋಗಿತ್ತು. ಇವತ್ತಿಗೂ ನನಗೆ ಅದರ ಸಂಕಟ ಇದೆ. 1990ರ ದಶಕದಲ್ಲಿ ಹುಬ್ಬಳ್ಳಿಯ ಹಳಿಗಳು ಅಗಲವಾದವು, ಒಳ್ಳೆಯದೇ ಆಯಿತು. ಆದರೆ ಆ ಮೀಟರ್ ಗೇಜ್ ಸಂಸಾರವನ್ನು ಬರೆದಿಟ್ಟವರು ಎಷ್ಟು ಜನ? ಹುಬ್ಬಳ್ಳಿಯಲ್ಲಿ ಈಗ ರೈಲ್ವೆ ಮ್ಯೂಸಿಯಂ ಇದೆ, ಮಕ್ಕಳನ್ನು ತಪ್ಪದೆ ಕರೆದುಕೊಂಡು ಹೋಗಿ. ಪುಣೆಯಲ್ಲಿ ಜೋಶಿಯವರ ಪುಟ್ಟ ರೈಲುಗಳ ಮ್ಯೂಸಿಯಂ ಇದೆ, ಒಬ್ಬ ಮನುಷ್ಯನ ಹವ್ಯಾಸದಿಂದ ಬೆಳೆದದ್ದು. ನೂರು ವರ್ಷ ರೈಲಿನ ಅನ್ನ ಉಂಡ ನಮ್ಮ ಊರಿನಲ್ಲಿ ಅಂಥ ಹತ್ತು ಮನೆ ಇರಬೇಕಿತ್ತು. ಶಾಲೆಗಳಲ್ಲಿ ಕೈಕೆಲಸದ ಪೀರಿಯಡ್ ಹೋಯಿತು. ಏಳನೇ ಕ್ಲಾಸಿನ ಹುಡುಗನಿಗೆ ರಟ್ಟನ್ನು ನೆಟ್ಟಗೆ ಕತ್ತರಿಸಲು ಬರುವುದಿಲ್ಲ. ಅದು ಹುಡುಗನ ತಪ್ಪಲ್ಲ, ಕತ್ತರಿ ಕೊಡದ ನಮ್ಮದು.

ಅದಕ್ಕೇ ಹೇಳುತ್ತಿದ್ದೇನೆ, ಬಾಗಿಲು ಹಾಕಿಕೊಂಡು ಒಬ್ಬರೇ ಮಾಡಬೇಡಿ. ಓಣಿಯ ಮಕ್ಕಳನ್ನು ಕೂಡಿಸಿಕೊಳ್ಳಿ. ವೈಪಿ ಅಂದರೆ ಮೀಟರ್ ಗೇಜಿನ ಪ್ಯಾಸೆಂಜರ್ ಎಂಜಿನ್, ವೈಜಿ ಅಂದರೆ ಗೂಡ್ಸ್ ಎಂಜಿನ್ ಅಂತ ಅವರಿಗೂ ಗೊತ್ತಾಗಲಿ.

ಪತ್ರದ ಕೊನೆಯಲ್ಲಿ ತಾಯಿಗೆ 84 ವರ್ಷ, ಮಾತು ಚೆನ್ನಾಗಿದೆ ಅಂತ ಬರೆದಿದ್ದೀರಿ. ರಟ್ಟು ಕತ್ತರಿಸುವ ಮೊದಲು ಅವರ ಹತ್ತಿರ ಕೂತುಕೊಳ್ಳಿ. ವರ್ಕ್‌ಶಾಪಿನ ಭೋಂಗಾ ಎಷ್ಟು ಗಂಟೆಗೆ ಆಗುತ್ತಿತ್ತು, ಅಷ್ಟರೊಳಗೆ ಬುತ್ತಿಗೆ ಏನು ಕಟ್ಟುತ್ತಿದ್ದರು, ಅಪ್ಪನ ಅಂಗಿಯ ಎಣ್ಣೆ ಕಲೆ ಯಾವುದರಿಂದ ಹೋಗುತ್ತಿತ್ತು, ಎಲ್ಲ ಕೇಳಿ ಬರೆದುಕೊಳ್ಳಿ. ಇದೇ ವಾರ ಕೇಳಿ ಸರ್.