ಒಮಾಹಾದ ಪಾರ್ಟಿಗೆ ಏನು ಒಯ್ಯಲಿ ಎಂದು ಕೇಳಿದ ತಂಗಿಗೆ

ಅಕ್ಕ ಎಂದು ಕರೆದು ಬರೆದಿದ್ದೀಯ, ಹಾಗಾಗಿ ನಾನೂ ನಿನ್ನನ್ನು 'ನೀನು' ಎಂದೇ ಕರೆಯುತ್ತೇನೆ. ಅಮೆರಿಕದ ನೆಬ್ರಾಸ್ಕ ರಾಜ್ಯದ ಒಮಾಹಾಕ್ಕೆ ಬಂದು ಮೂರು ತಿಂಗಳಾಗಿದೆ, ಫೆಬ್ರುವರಿಯಲ್ಲಿ ಸೂಪರ್ ಬೌಲ್ ಎಂಬ ಅಮೆರಿಕನ್ ಫುಟ್‌ಬಾಲಿನ ಅಂತಿಮ ಪಂದ್ಯ ನಡೆಯುವ ಭಾನುವಾರ ನಿನ್ನ ಯಜಮಾನರ ಸಹೋದ್ಯೋಗಿಯ ಮನೆಗೆ ಕರೆದಿದ್ದಾರೆ, ಕೈಯಲ್ಲಿ ಹಿಡಿದು ತಿನ್ನುವಂಥದ್ದು ಏನಾದರೂ ತನ್ನಿ ಎಂದಿದ್ದಾರೆ, ಆ ಮನೆಯವರು ರೂಬೆನ್ ರೋಲ್ ಮಾಡುತ್ತಾರಂತೆ, ಹಾಗೆಂದರೇನು, ನಾವು ಮೊಟ್ಟೆ ತಿನ್ನುತ್ತೇವೆ ಮಾಂಸ ತಿನ್ನುವುದಿಲ್ಲ, ಚಿತ್ರಾನ್ನ ಒಯ್ದರೆ ನಗುತ್ತಾರೆಯೇ? ಇಷ್ಟು ನಿನ್ನ ಪ್ರಶ್ನೆ.

ನಗುವುದಿಲ್ಲ. ಆದರೂ ಚಿತ್ರಾನ್ನ ಬೇಡ. ಒಂದು ಕಣ್ಣನ್ನು ಟಿವಿಯ ಮೇಲಿಟ್ಟು ಸೋಫಾದಲ್ಲಿ ಒರಗಿಕೊಂಡು ತಿನ್ನುವ ಜನ ಅವರು. ಚಮಚ ಬೇಕಾಗುವ ಪಾತ್ರೆ ಅಲ್ಲಿ ತುಂಬಿದ್ದು ತುಂಬಿದಂತೆಯೇ ಮನೆಗೆ ಮರಳುತ್ತದೆ. ಕರಿದದ್ದನ್ನು ತೆಗೆದುಕೊಂಡು ಹೋಗು.

ಇನ್ನು ರೂಬೆನ್. ಅದು ಮೂಲದಲ್ಲಿ ಡೆಲಿಗಳ, ಅಂದರೆ ಮಾಂಸ, ಚೀಸ್, ಸ್ಯಾಂಡ್‌ವಿಚ್ ಮಾರುವ ಅಂಗಡಿಗಳ ಸ್ಯಾಂಡ್‌ವಿಚ್. ರೈ ಎಂಬ ಧಾನ್ಯದ ಬ್ರೆಡ್ಡಿನ ಎರಡು ಹೋಳುಗಳ ನಡುವೆ ಕಾರ್ನ್ಡ್ ಬೀಫ್, ಸ್ವಿಸ್ ಚೀಸ್, ಸೌರ್‌ಕ್ರೌಟ್ ಎಂಬ ಹುಳಿಬಂದ ಎಲೆಕೋಸು, ಮೇಲೆ ರಷ್ಯನ್ ಅಥವಾ ಥೌಸಂಡ್ ಐಲ್ಯಾಂಡ್ ಡ್ರೆಸ್ಸಿಂಗ್ ಎಂಬ ಗುಲಾಬಿ ಬಣ್ಣದ ಸಾಸ್. ಎಲ್ಲವನ್ನೂ ಬೆಣ್ಣೆಯಲ್ಲಿ ಕಾಯಿಸುತ್ತಾರೆ. ಡೆಲಿ ಎಂದರೆ ಯಹೂದಿಗಳ ಊಟ ಎಂಬ ಹೆಸರಿದೆ, ಆದರೆ ಮಾಂಸವನ್ನೂ ಚೀಸನ್ನೂ ಕೂಡಿಸಿದ ಇದು ಅವರ ಕೋಷರ್ ಎಂಬ ಆಹಾರ ನಿಯಮಕ್ಕೆ ಒಗ್ಗುವುದಿಲ್ಲ. ಹುಟ್ಟಿದ್ದು ಎಲ್ಲಿ ಎನ್ನುವುದಕ್ಕೆ ಜಗಳವಿದೆ. ಅರ್ನಾಲ್ಡ್ ರೂಬೆನ್ ಎಂಬವರ ಡೆಲಿಯಲ್ಲಿ 1914ರ ಹೊತ್ತಿಗೆ ಹುಟ್ಟಿತು ಎಂದು ನ್ಯೂಯಾರ್ಕಿನವರು ಹೇಳುತ್ತಾರೆ. ನೀನು ಈಗ ಇರುವ ಊರಿನವರು ಅದನ್ನು ಒಪ್ಪುವುದಿಲ್ಲ. 1920ರ ದಶಕದಲ್ಲಿ ಫಾರ್ನಮ್ ರಸ್ತೆಯ ಬ್ಲ್ಯಾಕ್‌ಸ್ಟೋನ್ ಹೋಟೆಲಿನಲ್ಲಿ ಪೋಕರ್ ಆಡಲು ಸೇರುತ್ತಿದ್ದ ದಿನಸಿ ವ್ಯಾಪಾರಿ ರೂಬೆನ್ ಕುಲಕೋಫ್ಸ್ಕಿಗಾಗಿ ಇದನ್ನು ಮಾಡಿದರು ಎಂಬುದು ಇಲ್ಲಿಯ ಕಥೆ. ಆ ಹೋಟೆಲಿನ ಕಟ್ಟಡ ಈಗಲೂ ಇದೆ, ಕಾಟನ್‌ವುಡ್ ಎಂದು ಹೆಸರು ಬದಲಾಗಿದೆ. ಪಾರ್ಟಿಯಲ್ಲಿ ನ್ಯೂಯಾರ್ಕಿನ ಪಕ್ಷ ಮಾತ್ರ ವಹಿಸಬೇಡ. ದಾವಣಗೆರೆಯವರ ಮುಂದೆ ಬೆಣ್ಣೆದೋಸೆ ಬೇರೆ ಊರಿನದು ಎಂದ ಹಾಗಾಗುತ್ತದೆ.

ರೂಬೆನ್ ರೋಲ್ ಎಂದರೆ ಆ ಸ್ಯಾಂಡ್‌ವಿಚ್ಚಿನ ಬ್ರೆಡ್ಡನ್ನು ಬಿಟ್ಟು, ಒಳಗಿನದನ್ನೆಲ್ಲ ಸಣ್ಣಗೆ ಹೆಚ್ಚಿ, ಚೀನೀ ಎಗ್ ರೋಲಿನ ಹಾಳೆಯಲ್ಲಿ ಸುತ್ತಿ ಎಣ್ಣೆಯಲ್ಲಿ ಕರಿದದ್ದು. ಕೆಲವರು ಹಾಳೆ ಬಿಟ್ಟು, ಕ್ರೀಮ್ ಚೀಸಿನೊಂದಿಗೆ ಕಲಸಿ ಉಂಡೆ ಕಟ್ಟಿ, ಮೈದಾ, ಮೊಟ್ಟೆ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಬೋಂಡದಂತೆ ಕರಿಯುತ್ತಾರೆ. ಎರಡನ್ನೂ ಗುಲಾಬಿ ಬಣ್ಣದ ಅದೇ ಡ್ರೆಸ್ಸಿಂಗಿನಲ್ಲಿ ಅದ್ದಿ ತಿನ್ನುತ್ತಾರೆ.

ಇಲ್ಲಿ ನನ್ನದೊಂದು ಪೆದ್ದುತನ ಹೇಳಬೇಕು. ನಾನು ಬಂದ ಮೊದಲ ಚಳಿಗಾಲದಲ್ಲಿ ಇಂಥದೇ ಒಂದು ಮನೆಯಲ್ಲಿ ತಟ್ಟೆ ನನ್ನ ಮುಂದೆ ಬಂತು. ಒಳಗೇನಿದೆ ಎಂದು ಕೇಳಿದೆ. ಟಿವಿಯ ಗದ್ದಲದಲ್ಲಿ ಕ್ಯಾಬೇಜ್, ಚೀಸ್, 'ಕಾರ್ನ್' ಎಂಬಷ್ಟೇ ಕಿವಿಗೆ ಬಿತ್ತು. ನೆಬ್ರಾಸ್ಕದಲ್ಲಿ ಎತ್ತ ನೋಡಿದರೂ ಮುಸುಕಿನ ಜೋಳದ ಹೊಲ. ಜೋಳವೇ ಇರಬೇಕೆಂದು ಎರಡು ತಿಂದೆ. ಮೂರನೆಯದನ್ನು ಅರ್ಧ ಕಚ್ಚಿ ನೋಡಿದರೆ ಒಳಗೆ ಗುಲಾಬಿ ಬಣ್ಣದ ನಾರು. ಕಾರ್ನ್ ಎಂದರೆ ಹಳೆಯ ಇಂಗ್ಲಿಷಿನಲ್ಲಿ ಕಾಳು. ಕಾಳಿನ ಗಾತ್ರದ ಉಪ್ಪಿನ ಹರಳಿನಲ್ಲಿ ಮಾಂಸವನ್ನು ನೆನೆಸಿಡುತ್ತಿದ್ದುದರಿಂದ ಕಾರ್ನ್ಡ್ ಬೀಫ್ ಎಂಬ ಹೆಸರು ಬಂತು ಎಂದು ಆಮೇಲೆ ತಿಳಿಯಿತು. ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದೆ. ಅಮ್ಮನಿಗೆ ಫೋನಿನಲ್ಲಿ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ಮನೆಯೊಡತಿಗೆ ಗೊತ್ತಾದಾಗ ನನಗಿಂತ ಅವಳೇ ಹೆಚ್ಚು ಬೆದರಿದಳು. ಆ ಮೇಲೆ ಪ್ರತಿ ವರ್ಷ ನನಗಾಗಿ ಒಂದು ತಟ್ಟೆ ಬೇರೆ ಇಡುತ್ತಿದ್ದಳು.

ಆದ್ದರಿಂದ ಹೆಸರನ್ನು ನಂಬಬೇಡ. ಎಗ್ ರೋಲಿನ ಹೂರಣದಲ್ಲಿ ಮೊಟ್ಟೆ ಇರಬೇಕೆಂದಿಲ್ಲ, ಆದರೆ ಮೇಲಿನ ಹಾಳೆಯಲ್ಲಿ ಸಾಮಾನ್ಯವಾಗಿ ಇರುತ್ತದೆ. 'ಇದರಲ್ಲಿ ಮಾಂಸವಿದೆಯೇ' ಎಂದು ನೇರವಾಗಿ ಕೇಳು. ನಮ್ಮ ಕಡೆ ಬಡಿಸುವವರನ್ನು ಹಾಗೆ ಕೇಳಿದರೆ ಅನುಮಾನಿಸಿದಂತಾಗುತ್ತದೆ. ಇಲ್ಲಿ ಅದು ಮಾಮೂಲಿ ಮಾತು, ಅಲರ್ಜಿ ಇರುವವರು ದಿನವೂ ಕೇಳುತ್ತಾರೆ.

ಈಗ ನಿನ್ನ ಕೈಯಡುಗೆ. ಬೀಫ್ ಬದಲಿಗೆ ನಾನು ಎಳೆ ಹಲಸಿನಕಾಯಿ ಹಾಕುತ್ತೇನೆ. ಏಷ್ಯಾ ದಿನಸಿ ಅಂಗಡಿಗಳಲ್ಲಿ ಡಬ್ಬಿಯಲ್ಲಿ ಸಿಗುತ್ತದೆ. ಉಪ್ಪುನೀರಿನಲ್ಲಿ ಇಟ್ಟದ್ದನ್ನೇ ನೋಡಿ ತೆಗೆದುಕೋ. ಸಿರಪ್ ಎಂದು ಬರೆದಿದ್ದರೆ ಒಳಗಿರುವುದು ಸಿಹಿ ತೊಳೆ. ಹನ್ನೆರಡು ರೋಲಿಗೆ 565 ಗ್ರಾಂನ ಒಂದು ಡಬ್ಬಿ ಸಾಕು. ತೊಳೆದು, ಹಿಂಡಿ, ಬೆರಳಿನಲ್ಲೇ ನಾರುನಾರಾಗಿ ಬಿಡಿಸು. ಕಾರ್ನ್ಡ್ ಬೀಫಿನ ರುಚಿ ಬಹುಪಾಲು ಅದನ್ನು ನೆನೆಸುವ ಮಸಾಲೆಯದು, ಆ ಮಸಾಲೆಯೋ ನಮ್ಮ ಡಬ್ಬಿಯಲ್ಲೇ ಇರುವಂಥದ್ದು: ಕೊತ್ತಂಬರಿ ಬೀಜ, ಸಾಸಿವೆ, ಮೆಣಸು, ಲವಂಗ, ಒಂದು ಪಲಾವ್ ಎಲೆ. ಎಲೆಯನ್ನು ಬಿಟ್ಟು ಉಳಿದದ್ದನ್ನು ತರಿತರಿಯಾಗಿ ಪುಡಿ ಮಾಡು. ಎರಡು ಚಮಚ ಎಣ್ಣೆಯಲ್ಲಿ ಎಲೆ, ಪುಡಿ, ಹಲಸು ಹಾಕಿ, ತೇವ ಆರಿ ಅಂಚು ಕೆಂಪಾಗುವವರೆಗೆ ಬಾಡಿಸು. ಬಣ್ಣಕ್ಕೆ ಒಂದಿಷ್ಟು ಬೀಟ್‌ರೂಟ್ ತುರಿ ಹಾಕಬಹುದು. ಉಪ್ಪನ್ನು ಕೊನೆಗೆ, ರುಚಿ ನೋಡಿ ಹಾಕು, ಏಕೆಂದರೆ ಎಲೆಕೋಸಿನಲ್ಲೂ ಚೀಸಿನಲ್ಲೂ ಬೇಕಾದಷ್ಟಿದೆ.

ಸೌರ್‌ಕ್ರೌಟ್ ಒಂದು ಲೋಟ. ಇಲ್ಲಿಯೇ ಎಲ್ಲರೂ ಎಡವುವುದು. ತೆಳುಬಟ್ಟೆಯಲ್ಲಿ ಕಟ್ಟಿ, ಇನ್ನು ಒಂದು ಹನಿಯೂ ಬರುವುದಿಲ್ಲ ಎನ್ನಿಸಿದ ಮೇಲೆ ಮತ್ತೊಮ್ಮೆ ಹಿಂಡು. ನೀರು ಉಳಿದರೆ ಹಾಳೆ ಒಳಗಿನಿಂದ ಮೆತ್ತಗಾಗಿ ಎಣ್ಣೆಯಲ್ಲಿ ಒಡೆಯುತ್ತದೆ, ಎಣ್ಣೆ ಮುಖಕ್ಕೇ ಸಿಡಿಯುತ್ತದೆ. ಸುಮಾರು 150 ಗ್ರಾಂ ಸ್ವಿಸ್ ಚೀಸನ್ನು ತುರಿದುಕೋ. ಕೆಲವು ಚೀಸುಗಳನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ಟಿನಿಂದ ಹೆಪ್ಪುಗಟ್ಟಿಸುತ್ತಾರೆ. ಬೇಡವೆಂದರೆ ಸಸ್ಯಮೂಲದ ರೆನ್ನೆಟ್ ಎಂದು ಬರೆದದ್ದನ್ನು ಹುಡುಕು. ಹಲಸು ಪೂರ್ತಿ ತಣ್ಣಗಾದ ಮೇಲೆ ಮೂರನ್ನೂ ಕಲಸು. ರೈ ಬ್ರೆಡ್ಡಿನ ನೆನಪಿಗೆ ಅರ್ಧ ಚಮಚ ಕ್ಯಾರವೇ ಬೀಜ ಹಾಕು. ನೋಡಲು ಜೀರಿಗೆಯಂತೆಯೇ ಇದೆ, ಆದರೆ ಜೀರಿಗೆ ಹಾಕಿದರೆ ಅದು ಸಮೋಸದ ದಾರಿ ಹಿಡಿಯುತ್ತದೆ.

ಹಾಳೆ ಸೂಪರ್ ಮಾರ್ಕೆಟ್ಟಿನಲ್ಲಿ ತರಕಾರಿಯ ಪಕ್ಕ, ತೋಫು ಇಡುವ ತಣ್ಣನೆಯ ಕಪಾಟಿನಲ್ಲಿರುತ್ತದೆ. ಮೂಲೆ ನಿನ್ನ ಕಡೆ ಬರುವಂತೆ ಇಟ್ಟು, ಮೂರು ಚಮಚ ಹೂರಣ ಹಾಕಿ, ಕೆಳಗಿನ ಮೂಲೆ ಮುಚ್ಚಿ, ಎರಡೂ ಬದಿ ಮಡಚಿ, ಬಿಗಿಯಾಗಿ ಸುತ್ತಿ, ಕೊನೆಯ ಮೂಲೆಗೆ ನೀರು ಸವರಿ ಅಂಟಿಸು. ಉಳಿದ ಹಾಳೆಗಳ ಮೇಲೆ ಒದ್ದೆ ಬಟ್ಟೆ ಇರಲಿ. ಎಣ್ಣೆ 175 ಡಿಗ್ರಿ ಸೆಲ್ಸಿಯಸ್ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಹಾಳೆಯ ಚೂರೊಂದನ್ನು ಹಾಕು, ತಕ್ಷಣ ಗುಳ್ಳೆಯೆದ್ದು ತೇಲಿದರೆ ಸರಿ. ಒಮ್ಮೆಗೆ ಮೂರೇ ರೋಲು ಹಾಕಿ, ನಾಲ್ಕು ನಿಮಿಷ ಕರಿ.

ಕರಿಯುವ ಮೊದಲು ಅಡುಗೆಮನೆಯ ಫ್ಯಾನ್ ಹಾಕು, ಕಿಟಕಿ ತೆರೆ, ಹೊರಗೆ ಹಿಮ ಬೀಳುತ್ತಿದ್ದರೂ ತೆರೆ. ಹೊಗೆ ಪತ್ತೆ ಮಾಡುವ ಗಂಟೆಯ ಬ್ಯಾಟರಿಯನ್ನು ಕೀಳಬೇಡ. ನಮ್ಮ ಮೊದಲ ಗಣೇಶನ ಹಬ್ಬದಲ್ಲಿ ಕರಿಗಡುಬು ಕರಿಯುವಾಗ ಅದು ಕೂಗಿದ ಕೂಗಿಗೆ ಪಕ್ಕದ ಮನೆಯ ಅಜ್ಜಿ ನೈಟಿಯಲ್ಲೇ ಓಡಿಬಂದಿದ್ದರು. ಗಡುಬು ತಿಂದುಕೊಂಡು ಹೋದರು ಅನ್ನು. ಉಳಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡ, ಪೈಪು ಕಟ್ಟಿಕೊಳ್ಳುತ್ತದೆ. ಆರಿದ ಮೇಲೆ ಖಾಲಿ ಬಾಟಲಿಗೆ ತುಂಬಿ ಕಸಕ್ಕೆ ಹಾಕು.

ಅದ್ದಿಕೊಳ್ಳಲು ಮೂರು ಪಾಲು ಮೇಯೊನೇಸ್, ಒಂದು ಪಾಲು ಕೆಚಪ್, ಸಣ್ಣಗೆ ಹೆಚ್ಚಿದ ಉಪ್ಪುಸೌತೆ, ಒಂದು ಚಿಟಿಕೆ ಅಚ್ಚಖಾರದ ಪುಡಿ. ರೋಲುಗಳನ್ನು ಓರೆಯಾಗಿ ಕತ್ತರಿಸಿದರೆ ಇಪ್ಪತ್ತನಾಲ್ಕು ತುಂಡು. ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿ ಒಯ್ಯಬೇಡ, ತಮ್ಮದೇ ಹಬೆಯಲ್ಲಿ ಮೆತ್ತಗಾಗುತ್ತವೆ. ತಟ್ಟೆಯಲ್ಲಿ ಕಾಗದ ಹಾಸಿ ಸಡಿಲವಾಗಿ ಮುಚ್ಚು. ಅಲ್ಲಿ ಅವರ ಓವನ್ನಿನಲ್ಲಿ ಐದು ನಿಮಿಷ ಇಟ್ಟರೆ ಮತ್ತೆ ಗರಿಗರಿ. ಮನೆಯವರ ರೋಲುಗಳ ಪಕ್ಕದಲ್ಲೇ ಇಡುವುದಾದರೆ ಒಂದು ಚೀಟಿಯಲ್ಲಿ 'ಮಾಂಸವಿಲ್ಲ, ಹಲಸು' ಎಂದು ಇಂಗ್ಲಿಷಿನಲ್ಲಿ ಬರೆದು ನಿಲ್ಲಿಸು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ, ನನ್ನ ಕಥೆ ನಿನಗೆ ಬೇಡ.

ಪಂದ್ಯ ನಮ್ಮ ಗಡಿಯಾರದಲ್ಲಿ ಸಂಜೆ ಐದೂವರೆಗೆ ಶುರುವಾಗುತ್ತದೆ, ಐದಕ್ಕೇ ತಲುಪಿಬಿಡು. ಹಲಸು ಎಂದರೇನು ಎಂದು ಖಂಡಿತ ಕೇಳುತ್ತಾರೆ. ಮರ, ಮೇಣ, ಮುಳ್ಳು, ತೊಳೆ ಎಲ್ಲವನ್ನೂ ಆಟ ನಡೆಯುವಾಗ ಧಾರಾಳವಾಗಿ ಹೇಳು. ಜಾಹೀರಾತು ಬಂದಾಗ ಮಾತ್ರ ನಿಲ್ಲಿಸು. ಆ ಒಂದು ದಿನ ಇವರು ಆಟಕ್ಕಿಂತ ಅದನ್ನೇ ಉಸಿರು ಬಿಗಿಹಿಡಿದು ನೋಡುತ್ತಾರೆ.